ಅಪ್ಪನಿಗಾಗಿ ಎಳೆದ ಗೆರೆಗಳು

ಸ್ಟ್ರೋಕ್ ಆದಾಗ ಅಪ್ಪನ ಬಲಗೈ, ಬಲಗಾಲಿನ ಜೊತೆಗೆ ಮಾತೂ ಬಿದ್ದುಹೋಯಿತು. ಆಸ್ಪತ್ರೆಯಿಂದ ಅಟ್ಟೂರಿನ ಮನೆಗೆ ಕರೆತಂದ ಮೇಲೆ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವಷ್ಟು ಸುಧಾರಿಸಿದರು. ಮಾತು ಮಾತ್ರ ಮರಳಲಿಲ್ಲ. ಬಾಯಿಂದ ಬರುತ್ತಿದ್ದದ್ದು ಒಂದೇ ಪದ: "ಅದು." ನೀರಿಗೂ ಅದು, ಫ್ಯಾನಿಗೂ ಅದು. ಎಡಗೈಗೆ ಪೆನ್ನು ಕೊಟ್ಟರೆ ಒಂದಕ್ಷರವೂ ಹೊಳೆಯುತ್ತಿರಲಿಲ್ಲ.

ಚಿತ್ರದ ಕಾರ್ಡು ಮಾಡಿಕೊಡಿ, ಬೆರಳಿಟ್ಟು ತೋರಿಸಲಿ ಎಂದರು ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರಗಳನ್ನು ಅಪ್ಪ ಪಕ್ಕಕ್ಕೆ ತಳ್ಳಿದರು. ಗಾಜಿನ ಜಗ್ಗು, ಕೋಟು ತೊಟ್ಟ ಮುದುಕ, ಯಾವುದೂ ಅವರದಾಗಿರಲಿಲ್ಲ.

"ನಿಮ್ ಮನೇಲಿರೋ ಸಾಮಾನ್ನೇ ನೀವೇ ಬರೀರಿ ಮೇಡಂ. ಗೆರೆ ಕಮ್ಮಿ ಇರ್ಲಿ," ಎಂದರು ಆಕೆ.

ನಾನು ಹೆಬ್ಬಾಳದ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವಳು. ಶಾಲೆ ಬಿಟ್ಟ ಮೇಲೆ ಒಂದು ಹೂವನ್ನೂ ಬರೆದವಳಲ್ಲ. ಫೋಟೋ ತಿದ್ದುವ ಸಾಫ್ಟ್‌ವೇರೊಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೂತೆ. ಒಂದು ಕೀ ಒತ್ತಿ ಹಿಡಿದರೆ ಗೆರೆ ನೆಟ್ಟಗೆ ಬರುತ್ತದೆ, ವೃತ್ತ ದುಂಡಗೇ ಇರುತ್ತದೆ. ಬಳುಕಿಸುವುದೇ ಕಷ್ಟ. ಒಂದು ಚುಕ್ಕಿ ಇಟ್ಟು ಎಳೆದರೆ ಗೆರೆ ಬಾಗುತ್ತದೆ, ಕೊಂಚ ಜಾಸ್ತಿ ಎಳೆದರೆ ಚೊಂಬು ಕುಂಬಳಕಾಯಿಯಾಗುತ್ತದೆ. ನನ್ನ ಚಿತ್ರ ತಪ್ಪಾದರೆ ಅಪ್ಪನ ಮಾತೇ ತಪ್ಪಾಗುತ್ತದಲ್ಲ ಎಂಬ ದಿಗಿಲು. ಅವರ ಚೊಂಬು, ಅವರ ಕುರ್ಚಿ, ಅವರ ಕನ್ನಡಕ ಬರೆದೆ. ಕೊನೆಗೆ, ನೋವಾದರೆ ಎಲ್ಲಿ ಎಂದು ತೋರಿಸಲು ಪಂಚೆ, ಬನಿಯನ್ ತೊಟ್ಟ ಅಪ್ಪನನ್ನೇ ಬರೆದೆ.

ಆ ಕಾರ್ಡು ಕೊಟ್ಟ ದಿನವೇ ಅಪ್ಪ ಚಿತ್ರದ ಪಾದದ ಮೇಲೆ ಬೆರಳಿಟ್ಟರು. ಅಮ್ಮ ಎಣ್ಣೆ ಕಾಯಿಸಿ ಅವರ ಕಾಲು ತಿಕ್ಕಿದಳು. ಅಪ್ಪ ಕಾಲೆಳೆದುಕೊಂಡು, ಅಮ್ಮನತ್ತ ಕೈಚಾಚಿ, ಮತ್ತೆ ಪಾದವನ್ನೇ ತೋರಿಸಿದರು; ಅವಳು ತಿಕ್ಕಿದ್ದು ನೋವಾಯಿತೇನೋ ಎಂದುಕೊಂಡೆವು. ಮರುದಿನವೂ ಅದೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೇನೋ, ಅದು ಮೇಲೇರಿದರೆ ಗತಿಯೇನು ಎಂದು ಹೆದರಿ ಸ್ಕ್ಯಾನ್ ಮಾಡಿಸಿದೆ. ಏನೂ ಇಲ್ಲವೆಂದರು. ಮನೆಗೆ ಬಂದು ಮಂಚದ ಮೇಲೆ ಕೂತ ಅಪ್ಪ ಕಾರ್ಡು ತೆಗೆದುಕೊಂಡು ಪಾದಕ್ಕೆ ಬೆರಳು ಒತ್ತಿದರು, ಆಮೇಲೆ ಅದನ್ನು ನೆಲಕ್ಕೆಸೆದು ಅತ್ತರು. ಅಲ್ಲಿಯವರೆಗೆ ಅವರು ಅತ್ತದ್ದನ್ನು ನಾನು ನೋಡಿದ್ದೇ ಇರಲಿಲ್ಲ. ಆಫೀಸಿನಲ್ಲಿ ಫೋನು ಅದುರಿದರೂ ಕೈಲಿದ್ದ ಕೆಲಸ ಬಿಟ್ಟು, ಮನೆಯಿಂದಲೇ ಇರಬೇಕೆಂದು ನೋಡತೊಡಗಿದೆ.

ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನು ಅವರ ಪಕ್ಕದಲ್ಲೇ ಇಟ್ಟುಕೊಂಡು ಆ ಚಿತ್ರ ತೆರೆದೆ. ಪಾದ ಬರೆದದ್ದೇ ಸರಿಯಿಲ್ಲವೇನೋ ಎಂದುಕೊಂಡಿದ್ದೆ. ಅಪ್ಪ ಪರದೆಯ ಮೇಲಿನ ಪಂಚೆಯನ್ನು ಅಂಗೈಯಿಂದ ಒರೆಸತೊಡಗಿದರು.

"ಇದು ಬೇಡ್ವಾಪ್ಪ?"

"ಅದು, ಅದು."

ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಲೇಯರಿನಲ್ಲಿ, ಒಂದರ ಮೇಲೊಂದು ಪದರದಂತೆ, ಬರೆದಿದ್ದೆ. ಪಂಚೆಯನ್ನು ತೆಗೆದುಹಾಕಿದೆ. ಅಪ್ಪ ಸೊಂಟದ ಹತ್ತಿರ ಎಡಗೈ ಬೆರಳುಗಳನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ನನಗೆ ತಿಳಿಯಲು ಹೊತ್ತು ಹಿಡಿಯಿತು. ಅವರು ನಿರಿಗೆ ಹಿಡಿಯುತ್ತಿದ್ದರು. ಒತ್ತೊತ್ತಾಗಿ ಗೆರೆಗಳನ್ನು ಕಾಲಿನವರೆಗೂ ಎಳೆದೆ. ಹೆಗಲಿನಿಂದ ಒಂದು ಬಾಗು ಎಳೆದು ಸೆರಗು ಇಳಿಬಿಟ್ಟೆ. ಅಪ್ಪ ತಮ್ಮ ಕತ್ತಿನ ಹಿಂಭಾಗ ಮುಟ್ಟಿಕೊಂಡರು. ಅಲ್ಲೊಂದು ದುಂಡು ತುರುಬು ಇಟ್ಟೆ.

"ಅಮ್ಮನಾ?" ಎಂದೆ.

ಅಪ್ಪ ಸಮಾಧಾನದ ನಿಟ್ಟುಸಿರು ಬಿಟ್ಟರು. ಆಮೇಲೆ ಆ ಹೆಂಗಸಿನ ಪಾದದ ಮೇಲೆ ಬೆರಳಿಟ್ಟರು.

ಅಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಸ್ವಲ್ಪ ದಿನದಿಂದ ಮನೆಯೊಳಗೂ ಸಾಕ್ಸ್ ಹಾಕಿಕೊಳ್ಳುತ್ತಿದ್ದಳು. ನೆಲ ತಣ್ಣಗಿದೆ ಎಂದಿದ್ದಳು.

"ಅಮ್ಮ, ಕಾಲು ತೋರ್ಸು."

"ನನ್ ಕಾಲಿಗೇನಾಗಿದೆ? ಹೋಗು ಅತ್ಲಾಗೆ."

ನೆಲದ ಮೇಲೆ ಕೂತು ನಾನೇ ಸಾಕ್ಸ್ ಎಳೆದೆ. ಅದು ಅಂಟಿಕೊಂಡಿತ್ತು. ಹೆಬ್ಬೆರಳ ಪಕ್ಕದ ಬೆರಳು ಕಪ್ಪಾಗಿ, ಅದರ ಬುಡದಲ್ಲಿ ಅಂಗಾಲು ಕೊಳೆತಿತ್ತು. ಅವಳಿಗೆ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ.

"ಚಪ್ಪಲಿ ಕಚ್ಚಿದ್ದು ಕಣೆ. ನೋವೇ ಇಲ್ಲ. ನಾನೂ ಆಸ್ಪತ್ರೆ ಸೇರಿದ್ರೆ ನಿಮ್ಮಪ್ಪನ್ನ ನೋಡ್ಕೊಳೋರು ಯಾರು?"

ಅಪ್ಪ ನಿದ್ದೆ ಹೋಗಿದ್ದಾರೆಂದುಕೊಂಡು ದಿನಾ ಅವರ ಮಂಚದ ತುದಿಯಲ್ಲೇ ಕೂತು ಗಾಯಕ್ಕೆ ಅರಿಶಿನ ಮೆತ್ತುತ್ತಿದ್ದಳಂತೆ.

ಪಕ್ಕದ ಮನೆ ಆಂಟಿಯನ್ನು ಅಪ್ಪನ ಬಳಿ ಕೂರಿಸಿ, ಅಮ್ಮನನ್ನು ಆಟೋದಲ್ಲಿ ಯಲಹಂಕದ ಆಸ್ಪತ್ರೆಗೆ ಕರೆದೊಯ್ದೆ. "ಮೂಳೆಗೆ ಇಳಿದಿದ್ಯಾ ಅಂತ ನೋಡ್ದೆ ಏನೂ ಹೇಳಕ್ಕಾಗಲ್ಲಮ್ಮ," ಎಂದರು ಡಾಕ್ಟರು. ಎಕ್ಸ್‌ರೇ ಕೋಣೆಯ ಹೊರಗೆ ಕಾಯುವಾಗ ಅಮ್ಮನ ಚಪ್ಪಲಿ ನನ್ನ ಕೈಯಲ್ಲೇ ಇತ್ತು. ಆ ಒಂದು ಬೆರಳನ್ನು ತೆಗೆಯಬೇಕಾಯಿತು. ಪಾದ ಉಳಿಯಿತು.

ಬ್ಯಾಂಡೇಜು ಕಟ್ಟಿಕೊಂಡು ಮನೆಗೆ ಬಂದ ಅಮ್ಮ ನೇರ ಅಪ್ಪನ ಮಂಚದ ಹತ್ತಿರ ಹೋಗಿ ಕೂತಳು. "ಮಾತು ಬಿದ್ದೋದ್ರೂ ಚಾಡಿ ಹೇಳೋದು ಬಿಡ್ಲಿಲ್ಲ ನೋಡಿ ನೀವು," ಎಂದಳು. ಅಪ್ಪ ಅವಳ ಮೊಣಕಾಲಿನ ಮೇಲೆ ಕೈಯಿಟ್ಟರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ ನಕ್ಕರು.

ಈಗ ಮನೆಯಲ್ಲಿ ಇರುವವರೆಲ್ಲರ ಕಾರ್ಡೂ ಇದೆ, ನನ್ನದೂ. ಮೊನ್ನೆ ಬೆಳಿಗ್ಗೆ ಅಪ್ಪ ನನ್ನ ಕಾರ್ಡು ಎತ್ತಿಕೊಂಡು ಅದರ ಕಣ್ಣಿನ ಕೆಳಗೆ ಬೆರಳಿಟ್ಟರು. ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿದೆ ಎಂದೋ, ಇನ್ನೇನು ಎಂದೋ ತಿಳಿಯಲಿಲ್ಲ. ಕನ್ನಡಿಯ ಮುಂದೆ ಹೋಗಿ ನಿಂತು, ತುಂಬ ಹೊತ್ತು ನೋಡಿಕೊಂಡೆ.