ಕಿಟಕಿಯಾಚೆ ಬಂದ ಇನ್ನೊಂದು ವಿಮಾನ

ನನ್ನ ಗಂಡ ಕಂಪ್ಯೂಟರ್ ಕೆಲಸದವರಿಗೆ ಆಗ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಹ್ಯಾಂಬರ್ಗ್‌ಗೆ ಹೋದ ನಾಲ್ಕು ತಿಂಗಳಿಗೆ, ನಾನು ಅತ್ತೆಯವರ ಜೊತೆ ಧಾರವಾಡದಿಂದ ಹೊರಟೆ. ಆಗ ನನಗೆ ಐದು ತಿಂಗಳು ತುಂಬಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಹ್ಯಾಂಬರ್ಗ್ ಸಮೀಪಿಸಿದ್ದೆವು. ಕಿಟಕಿಯ ಪಕ್ಕ ಕೂತಿದ್ದ ಅತ್ತೆ ಮೆಲ್ಲಗೆ, "ಇನ್ನೊಂದು ವಿಮಾನ ನಮ್ಮ ಕಡೇನ ಬರ್ಲಿಕ್ಕತ್ತದ ನೋಡವಾ," ಎಂದರು.

ಬಾಗಿ ನೋಡಿದೆ. ಅದರ ಕಿಟಕಿಗಳನ್ನು ಎಣಿಸಬಹುದಿತ್ತು. ಮರುಕ್ಷಣವೇ ನಮ್ಮ ವಿಮಾನ ಅಬ್ಬರಿಸುತ್ತ ಮೂತಿ ಎತ್ತಿ ಒಂದು ಪಕ್ಕಕ್ಕೆ ವಾಲಿತು. ನಾನು ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡೆ. ನನ್ನ ಕೈಗಳ ಮೇಲೆ ಅತ್ತೆ ಕೈ ಇಟ್ಟರು.

ಇನ್ನೊಂದು ವಿಮಾನ ತೀರಾ ಹತ್ತಿರ ಬಂದದ್ದರಿಂದ ಮೇಲೇರಬೇಕಾಯಿತು ಎಂದು ಪೈಲಟ್ ಇಂಗ್ಲಿಷ್‌ನಲ್ಲಿ ಹೇಳಿದ.

"ಏನಂದಾ ಅವಾ?" ಅತ್ತೆ ಕೇಳಿದರು.

"ಕೆಳಗ ಭಾಳ ವಿಮಾನ ಅವಂತ್ರಿ. ಒಂದು ಸುತ್ತು ಹಾಕಿ ಇಳಸ್ತಾನಂತ."

"ಸುಳ್ಳು ಯಾಕ ಹೇಳ್ತಿ, ನಾ ನೋಡೀನಿ. ಕೂಸು ಮಿಸುಕಾಡ್ತದೇನು, ಅದನ್ನ ಹೇಳು."

"ಇಲ್ರಿ," ಎಂದೆ.

ಚಕ್ರ ನೆಲಕ್ಕೆ ತಾಗುವವರೆಗೂ ಇಬ್ಬರೂ ಅಲ್ಲಾಡದೆ ಕೂತಿದ್ದೆವು. ಪೆಟ್ಟಿಗೆಗಳಿಗಾಗಿ ಕಾಯುತ್ತಿದ್ದಾಗ ಹೊಟ್ಟೆಯೊಳಗೆ ಒಮ್ಮೆ ಒದ್ದಂತಾಯಿತು. ಅತ್ತೆಗೆ ಹೇಳಿದೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವರು ಟ್ರಾಲಿಯ ಅಂಚಿಗೆ ಕೂತು ಅತ್ತುಬಿಟ್ಟರು.