ಪೈಪಿನ ತಳಕ್ಕೆ ವಿಭೂತಿ

ನಾರಾಯಣಗೂಡದ ಅಮರೇಶಪ್ಪನವರು ಜನ್ಮದಲ್ಲಿ ಒಂದು ಬೀಡಿ ಸೇದಿದವರಲ್ಲ. ಆದರೂ ತಂಬಾಕು ಸೇದುವ ಹಳೇ ಪೈಪುಗಳೆಲ್ಲ ರಿಪೇರಿಗೆ ಬರುವುದು ಅವರ ಅಡುಗೆಮನೆಯ ಹಿಂದಿನ ಬಾಲ್ಕನಿಗೇ. ಕಾರ್ಖಾನೆಯಲ್ಲಿ ಲೇಥ್ ನಡೆಸಿ ನಿವೃತ್ತರಾದವರ ಕೈ. ಸುಮ್ಮನಿರು ಎಂದರೆ ಇರುತ್ತದೆಯೇ? ಕೋಠಿಯ ಫುಟ್‌ಪಾತಿನಲ್ಲಿ ಸಿಕ್ಕ ಮುರುಕು ಪೈಪೊಂದನ್ನು ಸರಿಮಾಡಿದ್ದೇ ನೆಪ, ಹುಚ್ಚು ಹತ್ತಿತು. ಒಳಗಿನ ಕರಿ ಕೆರೆಯುವುದು, ಉಪ್ಪು ತುಂಬಿ ಸ್ಪಿರಿಟ್ ಹುಯ್ದು ವಾಸನೆ ತೆಗೆಯುವುದು, ಸಡಿಲಾದ ಕೊಳವೆ ಕೂರಿಸುವುದು ಎಂದು ಬೆಳಗು ಸರಿದದ್ದೇ ತಿಳಿಯುವುದಿಲ್ಲ. ಹೆಂಡತಿ ಸೂಗಮ್ಮನವರಿಗೆ ಮಾತ್ರ ಆ ಬಾಲ್ಕನಿ ಕಂಡರಾಗದು. "ಲಿಂಗ ಕಟ್ಟಿದ ಮನ್ಯಾಗ ಈ ಹೊಲಸು ಯಾಕ್ರಿ?" ಎಂದು ಮೂಗು ಮುಚ್ಚಿಕೊಂಡೇ ಚಹಾ ಕೊಡುತ್ತಾರೆ.

ಒಮ್ಮೆ ಕಾರ್ಖಾನೆಯ ಗೆಳೆಯ ಶಿವಾನಂದ ಒಂದು ಪೈಪು ತಂದುಕೊಟ್ಟರು. ನೋಡಲು ಚಂದ, ಸೇದಿದರೆ ಗುಳುಗುಳು ಸದ್ದು. ತಂತಿ ಹಾಕಿ ನೋಡಿದರೆ, ಹೊಗೆಯ ತೂತನ್ನು ತಂಬಾಕು ತುಂಬುವ ಬಟ್ಟಲಿನ ತಳಕ್ಕಿಂತ ಮೇಲೆ ಕೊರೆದಿದ್ದಾರೆ. ಹೊಗೆಯ ತೇವವೆಲ್ಲ ಕೆಳಗೆ ನೀರಾಗಿ ನಿಲ್ಲುತ್ತದೆ. ಇದಕ್ಕೆ ಮದ್ದು ಒಂದೇ. ನುಣ್ಣನೆಯ ಬೂದಿ ಕಲಸಿ ತಳಕ್ಕೆ ಮೆತ್ತಿ, ಒಣಗಿಸಿ, ತಳವನ್ನೇ ಎತ್ತರಿಸಬೇಕು. ಗ್ಯಾಸ್ ಒಲೆಯ, ಬೀಡಿಯಿಲ್ಲದ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಕಣ್ಣು ದೇವರ ಜಗಲಿಯತ್ತ ಹೋಯಿತು. ಅಲ್ಲಿ ವಿಭೂತಿ ಗಟ್ಟಿ ಇತ್ತು. ಕೆಲಸದ ಗುಂಗಿನಲ್ಲಿ ಮನುಷ್ಯನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಮೂಲೆ ಕೆರೆದು, ಕಲಸಿ ಮೆತ್ತಿದರು. ಭಲೇ ಗಟ್ಟಿಯಾಗಿ ಕೂತಿತು. ಸಂಜೆಗೆ ಒಣಗಿತು, ಶಿವಾನಂದ ಬಂದು ಒಯ್ದರು.

ಮರುದಿನ ಪೂಜೆಗೆ ಕುಳಿತ ಸೂಗಮ್ಮ ಗಟ್ಟಿಯ ಮೂಲೆ ನೋಡಿದರು, ಕೇಳಿದರು. ಅಮರೇಶಪ್ಪನವರಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಹಣಿಗೆ ಹಚ್ಚೂ ವಿಭೂತಿ ಮ್ಯಾಲ ತಂಬಾಕು ಸುಡಾಕ ಕೊಟ್ಟೀರೇನು? ಇವತ್ತಿಗೇ ಈ ಕೆಲಸ ಸಾಕು. ಆ ಸಾಮಾನೆಲ್ಲ ಗುಜರಿಗೆ ಹಾಕ್ರಿ," ಎಂದವರ ಕಣ್ಣಲ್ಲಿ ನೀರಿತ್ತು.

ಅಮರೇಶಪ್ಪನವರು ಬಾಲ್ಕನಿಯತ್ತ ನೋಡಿದರು. ಆ ಬಾಲ್ಕನಿ ಹೋದರೆ ದಿನವಿಡೀ ಮಾಡುವುದೇನು? ಆದರೆ ತಪ್ಪು ತಪ್ಪೇ. ಆಟೋ ಹಿಡಿದು ನಾಂಪಲ್ಲಿಗೆ, ಶಿವಾನಂದರ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದರು. ಶಿವಾನಂದ ಆಗಷ್ಟೇ ತಂಬಾಕು ತುಂಬಿ ಮೊದಲ ಕಡ್ಡಿ ಗೀರುವುದರಲ್ಲಿದ್ದರು. ಕೈ ಅಲ್ಲೇ ನಿಂತಿತು.

"ಏನ್ ಮಾಡಿದ್ರಿ ಮಾರಾಯ್ರ! ಇನ್ನ ಇದನ್ನ ಸೇದಾಕೂ ಬರಂಗಿಲ್ಲ, ಒಗಿಯಾಕೂ ಬರಂಗಿಲ್ಲ!"

ತಂಬಾಕು ಕೊಡವಿ ಪೈಪನ್ನು ಹಣೆಗೊತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗುಣವತಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಅಮರೇಶಪ್ಪನವರು ಅರ, ತಂತಿ, ಪಾಲಿಶ್ ಪೇಪರನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದಾಗ ಗುಣವತಿಯೇ ಕೈಚೀಲ ಹಿಡಿದು ಬಂದರು.

"ಅಕ್ಕಾರ, ನಮ್ಮನಿಯವರ ಉಳಿದ ಪೈಪೆಲ್ಲಾ ತಂದೀನ್ರಿ. ಇವಕ್ಕೂ ತಳಕ್ಕ ವಿಭೂತಿ ಹಾಕಿಸಿಕೊಡ್ರಿ. ಸೇದೂದು ಬಿಡ್ರಿ ಅಂತ ಡಾಕ್ಟರ್ ಹೇಳಿದ್ರ ಕೇಳಲಿಲ್ಲ, ನಾ ಅತ್ತರ ಕೇಳಲಿಲ್ಲ. ನಿನ್ನೆ ಆ ಪೈಪು ಜಗಲಿ ಮ್ಯಾಲ ಇಟ್ಟು ಕೈಮುಗದಾರ್ರಿ!"

ಸೂಗಮ್ಮ ಗಂಡನ ಮುಖ ನೋಡಿದರು, ಕಟ್ಟಿದ ಚೀಲ ನೋಡಿದರು. ಆಮೇಲೆ ಗುಣವತಿಯ ಕೈಚೀಲ ತಾವೇ ತೆಗೆದುಕೊಂಡರು.

"ಬಿಟ್ಟು ಹೋಗ್ರಿ ತಂಗಿ. ನಮ್ಮವರ ಕೈಕೆಲಸ ಭಾಳ ಚಲೋ. ಒಮ್ಮೆ ಕುಂದ್ರಿಸಿದ್ರ ಅಳ್ಳಾಡಂಗಿಲ್ಲ."

ಮದುವೆಯಾದಾಗಿನಿಂದ ಈ ಬಾಯಲ್ಲಿ ಇಂಥ ಮಾತು ಕೇಳಿರದ ಅಮರೇಶಪ್ಪನವರಿಗೆ ಕಣ್ಣು ತುಂಬಿ ಬಂತು. ಚೀಲ ಬಿಚ್ಚಿ ಬಾಲ್ಕನಿಯಲ್ಲಿ ಕುಳಿತರು. ಸೂಗಮ್ಮ ಒಳಗಿನಿಂದ ಹೊಸ ವಿಭೂತಿ ಗಟ್ಟಿಯೊಂದನ್ನು ತಂದು ಅವರ ಮುಂದಿಟ್ಟರು.

"ಇದು ನಿಮ್ಮದು. ಜಗಲಿ ಮ್ಯಾಲಿಂದಕ್ಕ ಕೈ ಹಚ್ಚೀರಿ ಮತ್ತ!"