‘ತುಂಬಿದೆ ಸಾರ್’ ಎಂದ ಮಗಳು

“ಅಮ್ಮಾ, ಎಲ್ಲಾ ನಿನ್ನಿಂದ್ಲೇ! ನನ್ ಕೆಲ್ಸ ಹೋಗುತ್ತೆ ಈಗ,” ಎಂದು ಮಗಳು ಮಾಚೇನಹಳ್ಳಿಯ ಕಾರ್ಖಾನೆಯಿಂದ ಫೋನಿನಲ್ಲೇ ಅಳತೊಡಗಿದಳು. ಖರೀದಿ ವಿಭಾಗದಲ್ಲಿ ಅವಳಿನ್ನೂ ಕೆಲಸ ಕಲಿಯುತ್ತಿರುವವಳು. ಅಕ್ಕಿ, ಉಪ್ಪು ಮುಗಿದರೆ ‘ಇಲ್ಲ’ ಅನ್ನಬಾರದು, ‘ತುಂಬಿದೆ’ ಅನ್ನಬೇಕು ಎಂದು ಮನೆಯಲ್ಲಿ ಕಲಿಸಿದವಳು ನಾನೇ. ವೆಲ್ಡಿಂಗ್ ರಾಡ್ ಮುಗಿದಾಗಲೂ ಅದೇ ಅಭ್ಯಾಸದಲ್ಲಿ ಸಾಹೇಬರಿಗೆ “ತುಂಬಿದೆ ಸಾರ್” ಎಂದುಬಿಟ್ಟಿದ್ದಾಳೆ. ಬೇಕಾದಷ್ಟಿದೆ ಎಂದುಕೊಂಡು ಅವರು ತರಿಸಿಲ್ಲ. ಹೊಸ ಶೆಡ್ಡಿನ ಕೆಲಸ ನಿಂತಿದೆ. ಆ ಕೆಲಸ ನೋಡಿ ಸಾಲದ ಮುಂದಿನ ಕಂತು ಕೊಡಬೇಕಾದ ಬ್ಯಾಂಕಿನವರು ಅವತ್ತು ಮಧ್ಯಾಹ್ನವೇ ಬರುವವರಿದ್ದರು.

ಒಲೆ ಆರಿಸಿ ದೇವರ ಮುಂದೆ ಕೂತುಬಿಟ್ಟೆ. ಮತ್ತೆ ಫೋನ್ ಬಂತು. ಮಾತಾಡಿದ್ದು ಸಾಹೇಬರೇ.

“ಭದ್ರಾವತಿ ಅಂಗಡಿಯಿಂದ ರಾಡ್ ಬಂತಮ್ಮ, ಕೆಲ್ಸ ನಡೀತಿದೆ, ಗಾಬರಿ ಆಗ್ಬೇಡಿ. ಮಗಳಿಗೊಂದ್ ಮಾತು ಹೇಳಿ, ಸ್ಟೋರಲ್ಲಿ ಖಾಲಿ ಅಂದ್ರೆ ಲಕ್ಷ್ಮಿ ಏನೂ ಎದ್ದು ಹೋಗಲ್ಲ!”

ಈಗ ಅವಳು ಕಾರ್ಖಾನೆಯಲ್ಲಿ ಧೈರ್ಯವಾಗಿ ‘ಖಾಲಿ’ ಎನ್ನುತ್ತಾಳೆ. ಕೆಲಸದ ಹೊತ್ತಿನಲ್ಲಿ ಅವಳ ಫೋನ್ ಬಂದರೆ ಮಾತ್ರ ನನಗೆ ಇನ್ನೂ ಎದೆ ಡವಗುಟ್ಟುತ್ತದೆ. “ಊಟ ಆಯ್ತೇನಮ್ಮ?” ಎಂದಷ್ಟೇ ಅವಳು ಕೇಳಿದರೆ, ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತೇನೆ.